ಡಿಕ್ಕಿ ಹ್ಯಾಂಡಲ್ ಗಿರಗಿರ ತಿರುಗಿದರೆ ಡ್ರಿಲ್ ಎತ್ತಬೇಡಿ

ಪ್ರಶ್ನೆ: ನಮ್ಮ ತಂದೆಯವರು ಕೊಂಡ 1972ರ ಅಂಬಾಸಿಡರ್ ಮಾರ್ಕ್ 2 ಇನ್ನೂ ಮನೆಯಲ್ಲಿದೆ. ಎರಡು ವರ್ಷದ ಹಿಂದೆ ಪೂರ್ತಿ ಪೇಂಟ್ ಮಾಡಿಸಿ, ಡಿಕ್ಕಿಗೆ ಹೊಸ ರಬ್ಬರ್ ಬೀಡಿಂಗ್ ಹಾಕಿಸಿದೆವು. ಅವತ್ತಿಂದ ಡಿಕ್ಕಿ ಜೋರಾಗಿ ಬಡಿದರೇನೇ ಕೂರುತ್ತಿತ್ತು. ಹೋದ ತಿಂಗಳು ಹ್ಯಾಂಡಲ್ ಸುಮ್ಮನೆ ಗಿರಗಿರ ತಿರುಗಲು ಶುರುವಾಯಿತು. ಕೀ ಸರಿಯಾಗಿ ಹೋಗುತ್ತದೆ, ತಿರುಗುತ್ತದೆ, ಆದರೆ ಡಿಕ್ಕಿ ತೆರೆಯುವುದಿಲ್ಲ. ಜಾಕು, ಸ್ಪ್ಯಾನರು ಎಲ್ಲ ಒಳಗೇ ಸಿಕ್ಕಿಕೊಂಡಿವೆ. ಡ್ರಿಲ್ ಹೊಡೆದು ಲಾಕ್ ಕಿತ್ತು, ಒಂದು ಕೊಂಡಿ ವೆಲ್ಡ್ ಮಾಡಿ ಹೊರಗಿಂದ ಬೀಗ ಹಾಕೋಣ ಎನ್ನುತ್ತಾರೆ ಇಲ್ಲಿನ ಮೆಕ್ಯಾನಿಕ್. ನನಗೆ ಮನಸ್ಸು ಒಪ್ಪುತ್ತಿಲ್ಲ. ಹೊಸ ಲಾಕ್ ಹಾಕಬಹುದೆ? ಹಾಕಿದರೆ ಹಳೆಯ ಕೀಯೇ ನಡೆಯುತ್ತದೆಯೆ?
— ತಿಪಟೂರಿನ ಓದುಗರು

ಉತ್ತರ: ನಿಮ್ಮ ಮನಸ್ಸು ಒಪ್ಪದೇ ಇದ್ದದ್ದು ಒಳ್ಳೆಯದಾಯಿತು. ಆ ವೆಲ್ಡಿಂಗ್ ಮಾತನ್ನು ಅಲ್ಲಿಗೇ ನಿಲ್ಲಿಸಿಬಿಡಿ. ಅಂಬಾಸಿಡರಿನ ಪೆಟ್ರೋಲ್ ಟ್ಯಾಂಕ್ ಇರುವುದು ಗಾಡಿಯ ಹಿಂಭಾಗದಲ್ಲಿ. ಐವತ್ತು ವರ್ಷ ದಾಟಿದ ಟ್ಯಾಂಕು, ಹಳೆಯ ಪೈಪು, ಮುಚ್ಚಿದ ಡಿಕ್ಕಿಯೊಳಗೆ ತುಂಬಿಕೊಂಡಿರಬಹುದಾದ ಪೆಟ್ರೋಲ್ ಆವಿ. ಒಳಗೇನಿದೆ ಎಂದು ಕಣ್ಣಿಗೆ ಕಾಣದ ಜಾಗದಲ್ಲಿ ಕಿಡಿ ಹಾರಿಸುವ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಅಪಾಯದ ಮಾತು ಹಾಗಿರಲಿ, ಆ ಕೊಂಡಿ ಹಾಕಿದ ಜಾಗದಲ್ಲಿ ಹೊಸ ಪೇಂಟ್ ಸುಟ್ಟು, ಮುಂದಿನ ಮಳೆಗಾಲಕ್ಕೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಡ್ರಿಲ್ಲಿನಿಂದಲೂ ನಿಮ್ಮ ಸಮಸ್ಯೆ ಬಗೆಹರಿಯುವುದಿಲ್ಲ. ಡ್ರಿಲ್ ಹೊಡೆಯುವುದು ಕೀ ತಿರುಗದೆ ಬ್ಯಾರೆಲ್, ಅಂದರೆ ಬೀಗದಲ್ಲಿ ಕೀ ಜೊತೆ ತಿರುಗುವ ಉರುಳೆ, ಕಚ್ಚಿಕೊಂಡಾಗ. ನಿಮ್ಮದರಲ್ಲಿ ಕೀ ಚೆನ್ನಾಗಿಯೇ ತಿರುಗುತ್ತಿದೆ, ಅಂದರೆ ಬೀಗ ಆರೋಗ್ಯವಾಗಿದೆ. ಈ ಹ್ಯಾಂಡಲಿನ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡೋಣ. ಕೀ ಹಾಕುವ ಬ್ಯಾರೆಲ್ ಇರುವುದು ಹ್ಯಾಂಡಲಿನ ಒಳಗೆ. ಕೀ ಹಾಕಿ ಲಾಕ್ ಮಾಡಿದರೆ ಹ್ಯಾಂಡಲ್ ತಿರುಗದಂತೆ ತಡೆಯುತ್ತದೆ, ಅದರ ಕೆಲಸ ಅಷ್ಟೇ. ಲಾಕ್ ತೆಗೆದು ಹ್ಯಾಂಡಲ್ ತಿರುಗಿಸಿದಾಗ, ಅದಕ್ಕೆ ಸಿಕ್ಕಿಸಿದ ಚೌಕದ ಕಡ್ಡಿ ಡಿಕ್ಕಿಯ ತಗಡನ್ನು ದಾಟಿ ಒಳಗೆ ಹೋಗಿ, ಅಲ್ಲಿರುವ ಕೊಕ್ಕೆಯನ್ನು ಸರಿಸುತ್ತದೆ. ಹ್ಯಾಂಡಲ್ ಗಿರಗಿರ ತಿರುಗಿ ಕೊಕ್ಕೆ ಅಲುಗದಿದ್ದರೆ, ಹ್ಯಾಂಡಲಿಗೂ ಕೊಕ್ಕೆಗೂ ನಡುವಿನ ಸಂಬಂಧ ತಪ್ಪಿದೆ. ಒಂದೋ ಕಡ್ಡಿಯನ್ನು ಹಿಡಿದಿಡುವ ಪಿನ್ ತುಂಡಾಗಿದೆ, ಇಲ್ಲವೇ ಹ್ಯಾಂಡಲಿನ ಚೌಕದ ತೂತು ಸವೆದು ದುಂಡಗಾಗಿದೆ. ಹೊರಗಿಂದ ಬ್ಯಾರೆಲಿಗೆ ಎಷ್ಟೇ ಡ್ರಿಲ್ ಹೊಡೆದರೂ ಒಳಗಿನ ಕೊಕ್ಕೆ ಇದ್ದಲ್ಲೇ ಇರುತ್ತದೆ. ಒಳ್ಳೆಯ ಬೀಗವೊಂದು ಹಾಳಾಗುತ್ತದೆ, ಅಷ್ಟೇ.

ಹಾಗಾದರೆ ತೆರೆಯುವುದು ಹೇಗೆ? ಹಿಂದಿನ ಸೀಟಿನ ಕಡೆಯಿಂದ. ಕೂರುವ ಕುಶನ್ನಿನ ಮುಂಭಾಗ ಹಿಡಿದು ಮೇಲೆತ್ತಿ ಎಳೆಯಿರಿ, ಬರುತ್ತದೆ. ಒರಗುವ ಸೀಟನ್ನು ಕೆಳಗಿನ ಅಂಚಿನಲ್ಲಿ ಬಿಗಿದಿರುತ್ತಾರೆ. ಅದನ್ನು ಬಿಚ್ಚಿ ಮೇಲಕ್ಕೆ ತಳ್ಳಿದರೆ ಕೊಂಡಿಯಿಂದ ಕಳಚಿಕೊಳ್ಳುತ್ತದೆ. ಅದರ ಹಿಂದೆ ರಟ್ಟು ಹೊಡೆದಿದ್ದರೆ ಹರಿಯದಂತೆ ತೆಗೆಯಿರಿ. ಸ್ಪೀಕರ್ ಹಾಕುವ ಹಲಗೆ ಇದ್ದರೆ ಅದನ್ನೂ ಬಿಚ್ಚಿ, ಮೇಲಿಂದಲೂ ದಾರಿ ಸಿಗುತ್ತದೆ. ಇದಕ್ಕೆಲ್ಲ ಮೊದಲು ಬ್ಯಾಟರಿಯ ಒಂದು ಕೇಬಲ್ ಕಳಚಿಡಿ, ಗಾಡಿಯ ನಾಲ್ಕೂ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ಬೆಳಕಿಗೆ ಬ್ಯಾಟರಿ ಟಾರ್ಚೇ ಇರಲಿ. ಇಂಥ ಹೊತ್ತಿನಲ್ಲಿ 'ಹುಡುಗನನ್ನು ಒಳಗೆ ನುಗ್ಗಿಸಿ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಒಳಗೆ ಉಸಿರುಗಟ್ಟುವ ವಾಸನೆ ಇರುತ್ತದೆ, ಚೂಪು ತಗಡು ಇರುತ್ತದೆ, ಮಗು ಹೆದರಿದರೆ ತಕ್ಷಣ ಹೊರಗೆ ತರಲು ಆಗುವುದಿಲ್ಲ. ಉದ್ದನೆಯ ಕಡ್ಡಿಯ ತುದಿಗೆ ಸಾಕೆಟ್ ಸಿಕ್ಕಿಸಿಕೊಂಡೋ, ಉದ್ದ ಮೂತಿಯ ಪ್ಲೈಯರ್ ಹಿಡಿದೋ ಕೈ ಚಾಚಿದರೆ ಕೆಲಸ ಆಗುತ್ತದೆ.

ಇಬ್ಬರು ಬೇಕು. ಒಬ್ಬರು ಹೊರಗೆ ನಿಂತು ಎರಡೂ ಅಂಗೈಯಿಂದ ಡಿಕ್ಕಿಯನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು. ಹೊಸ ಬೀಡಿಂಗ್ ಮುಚ್ಚಳವನ್ನು ಮೇಲಕ್ಕೆ ದೂಡುತ್ತಿರುವುದರಿಂದ ಕೊಕ್ಕೆ ತಾನು ಸಿಕ್ಕಿಕೊಳ್ಳುವ ಕಂಬಿಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಮೇಲಿಂದ ಒತ್ತಿದಾಗ ಆ ಬಿಗಿ ಸಡಿಲಾಗುತ್ತದೆ, ಅದೇ ಕ್ಷಣಕ್ಕೆ ಒಳಗಿನವರು ಕೊಕ್ಕೆಯನ್ನು ಸರಿಸಬೇಕು. ಒತ್ತುವವರು ಒತ್ತದೆ ನಿಂತಿದ್ದರೆ ಒಳಗಿನವರು ಎಷ್ಟು ತಿಣುಕಿದರೂ ಅದು ಅಲುಗುವುದಿಲ್ಲ. ಅಲುಗಲಿಲ್ಲವೆಂದು ಜನ ಹ್ಯಾಮರ್ ಎತ್ತಿಕೊಳ್ಳುವುದು ಆಗಲೇ.

ಡಿಕ್ಕಿ ತೆರೆದ ಮೇಲೆ ಮುಚ್ಚಳ ಬೀಳದಂತೆ ಗಟ್ಟಿ ಕೋಲು ಕೊಡಿ. ಹ್ಯಾಂಡಲಿನ ಸುತ್ತ ಪೇಂಟಿನ ಮೇಲೆ ಟೇಪ್ ಅಂಟಿಸಿ. ಒಳಗಿನ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಬೆಳಗ್ಗೆ ಸ್ಪ್ಯಾನರ್ ಹಾಕಿದರೆ ಸುಲಭವಾಗಿ ಬರುತ್ತದೆ. ಬಿಚ್ಚುವಾಗ ವಾಷರು, ಪಟ್ಟಿ, ಸ್ಪ್ರಿಂಗು ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಒಂದು ತಂತಿಗೆ ಪೋಣಿಸಿಡಿ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಇಲ್ಲಿ ಒಂದು ಎಚ್ಚರ ಬಹಳ ಮುಖ್ಯ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರಿನಿಂದ. ಹಾಗಾಗಿ ಹಳೆಯ ಗಾಡಿಗಳ ನಟ್ಟು ಬೋಲ್ಟು ಇಂಚಿನ ಲೆಕ್ಕದವು. ಕಾಲು ಇಂಚಿನ ಬೋಲ್ಟು 6.35 ಮಿ.ಮೀ., ಇವತ್ತು ಅಂಗಡಿಯಲ್ಲಿ ಸಿಗುವ ಬೋಲ್ಟು 6 ಮಿ.ಮೀ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಮರೆಯ (ಥ್ರೆಡ್ಡಿನ) ಲೆಕ್ಕ ಬೇರೆ. ಒಂದು ನಟ್ಟು ಕಳೆದುಹೋಯಿತೆಂದು ಮಿಲಿಮೀಟರ್ ನಟ್ಟನ್ನು ಸ್ಪ್ಯಾನರಿನಲ್ಲಿ ಬಲವಂತವಾಗಿ ತಿರುಗಿಸಿದರೆ ಮರೆ ಕಿತ್ತುಹೋಗುತ್ತದೆ. ಕೈಬೆರಳಲ್ಲಿ ಮೂರ್ನಾಲ್ಕು ಸುತ್ತು ಸರಾಗವಾಗಿ ಹೋಗದ ನಟ್ಟನ್ನು ಹಾಕಲೇಬೇಡಿ.

ಹ್ಯಾಂಡಲ್ ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿದು ಚೌಕದ ತೂತನ್ನು ನೋಡಿ. ಇಂಥ ಹ್ಯಾಂಡಲುಗಳನ್ನು ಎರಕ ಹೊಯ್ಯುವುದು ಮಜಾಕ್ ಎನ್ನುವ ಸತುವಿನ ಮಿಶ್ರಲೋಹದಲ್ಲಿ. ಮೇಲೆ ಕ್ರೋಮ್ ಹೊಳೆಯುತ್ತದೆ, ಒಳಗೆ ಮೆತ್ತಗಿನ ಲೋಹ. ಉಕ್ಕಿನ ಕಡ್ಡಿ ಅದರೊಳಗೆ ತಿರುಚಿಕೊಂಡಾಗಲೆಲ್ಲ ಮೂಲೆಗಳು ಒಂದಿಷ್ಟು ಸವೆಯುತ್ತವೆ. ಸವೆದ ತೂತಿನಲ್ಲಿ ಚೌಕದ ನಾಲ್ಕು ಮೂಲೆಗಳ ಬದಲು ಬೂದು ಬಣ್ಣದ ಹೊಳಪಿನ ಉಂಗುರ ಕಾಣಿಸುತ್ತದೆ, ಕಡ್ಡಿ ಅದರಲ್ಲಿ ಲೊಡಲೊಡ ಎನ್ನುತ್ತದೆ. ಮೂಲೆಗಳು ಚೂಪಾಗಿಯೇ ಇದ್ದರೆ ನಿಮ್ಮ ಅದೃಷ್ಟ, ಬರೀ ಪಿನ್ ಹೋಗಿದೆ. ಅದೇ ದಪ್ಪದ ಉಕ್ಕಿನ ಪಿನ್ ಹೊಡೆದರೆ ಮುಗಿಯಿತು. ಅದರ ಜಾಗದಲ್ಲಿ ಮೊಳೆ ಹೊಡೆಯುವವರಿದ್ದಾರೆ. ಮೊಳೆ ಮೆದು, ಬೇಗ ತುಂಡಾಗುತ್ತದೆ.

ತೂತೇ ಸವೆದಿದ್ದರೂ ಹ್ಯಾಂಡಲನ್ನು ಬಿಸಾಡಬೇಡಿ. ಮಜಾಕನ್ನು ಸಾಮಾನ್ಯ ವೆಲ್ಡಿಂಗಿನಲ್ಲಿ ಹಚ್ಚಲು ಆಗುವುದಿಲ್ಲ, ಬೆಂಕಿ ತಾಗಿಸಿದರೆ ಕರಗಿ ಕುಸಿಯುತ್ತದೆ. ಆದರೆ ಲೇತ್ ಕೆಲಸದವರು ಆ ತೂತನ್ನು ದುಂಡಗೆ ದೊಡ್ಡದು ಮಾಡಿ, ಒಳಗೆ ಹಿತ್ತಾಳೆಯ ಬುಷ್ (ಗಿಡ್ಡ ಕೊಳವೆ) ಕೂರಿಸಿ, ಬುಷ್ಷಿನೊಳಗೆ ಹೊಸ ಚೌಕ ತೆಗೆದು, ಅಡ್ಡಲಾಗಿ ಒಂದು ಪಿನ್ ಹಾಕಿ ಕೊಡಬಲ್ಲರು. ತುಮಕೂರಿನಲ್ಲಿ ಇಂಥ ಸಣ್ಣ ಕೆಲಸಕ್ಕೆ ಕೈಗಳ ಕೊರತೆ ಇಲ್ಲ. ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇದ್ದ ಊರು ಇದು. ಆ ಕಾಲದಲ್ಲಿ ಕೆಲಸ ಕಲಿತವರಿಗೆ ಅರದ ಹಿಡಿತ, ವರ್ನಿಯರ್ ನೋಡುವ ಕಣ್ಣು ಇನ್ನೂ ಹಾಗೇ ಇದೆ. ಅಂಥವರೊಬ್ಬರು ನಿಮ್ಮ ಪರಿಚಯದಲ್ಲಿದ್ದರೆ ಅವರ ಕೈಗೇ ಕೊಡಿ. ಇಂಥ ರಿಪೇರಿ ಮೂಲ ಹ್ಯಾಂಡಲನ್ನೂ ಉಳಿಸುತ್ತದೆ, ಮೂಲ ಕೀಯನ್ನೂ ಉಳಿಸುತ್ತದೆ. ನನ್ನ ಮೊದಲ ಸಲಹೆ ಇದೇ.

ಹ್ಯಾಂಡಲ್ ಬಿರುಕು ಬಿಟ್ಟಿದ್ದರೆ ಮಾತ್ರ ಹೊಸದನ್ನು ಹುಡುಕಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಇವೆರಡನ್ನು ಮೊದಲು ಸುತ್ತಿ. ಅಲ್ಲಿ ಸಿಗದಿದ್ದರೆ ಕೋಲ್ಕತ್ತಾ ಕಡೆಯಿಂದ ತರಿಸುವವರನ್ನು ಕೇಳಿ. ಅಂಬಾಸಿಡರಿನ ಕಾರ್ಖಾನೆ ಇದ್ದದ್ದು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ, 2014ರಲ್ಲಿ ತಯಾರಿಕೆ ನಿಂತಿತು. ನಿಂತ ಮೇಲೂ ಕೋಲ್ಕತ್ತಾದ ಹಳದಿ ಟ್ಯಾಕ್ಸಿಗಳು ಓಡುತ್ತಲೇ ಇದ್ದುದರಿಂದ ಸಾಮಾನು ಅಲ್ಲಿ ಬಹಳ ಕಾಲ ಉಳಿಯಿತು. ಅಂಗಡಿಗೆ ಹೋಗುವಾಗ ಹಳೆಯ ಹ್ಯಾಂಡಲ್ ಕೈಯಲ್ಲಿರಲಿ. 'ಅಂಬಾಸಿಡರ್ ಡಿಕ್ಕಿ ಹ್ಯಾಂಡಲ್' ಎಂದು ಬಾಯಿಮಾತಲ್ಲಿ ಕೇಳಿದರೆ ನಂತರದ ಮಾಡೆಲಿನದು ಕೈಗೆ ಬರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಮೂರು ಅಳತೆ ನೋಡಿ: ಚೌಕದ ಕಡ್ಡಿಯ ದಪ್ಪ, ಅದರ ಉದ್ದ, ಬೋಲ್ಟುಗಳ ನಡುವಿನ ಅಂತರ. ಕಡ್ಡಿ ಉದ್ದವಾಗಿದ್ದರೆ ಹ್ಯಾಕ್ಸಾದಲ್ಲಿ ಕತ್ತರಿಸಬಹುದು. ಗಿಡ್ಡವಾಗಿದ್ದರೆ ತರಬೇಡಿ, ಕೊಕ್ಕೆಯ ತುದಿಯಲ್ಲಿ ಮಾತ್ರ ಹಿಡಿದು ಮತ್ತೆ ಜಾರುತ್ತದೆ. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಕಡ್ಡಿಗೆ ಅದು ಅಂಟಬೇಕು. ಅಂಟದಿದ್ದರೆ ಕಡ್ಡಿಯೂ ಮಜಾಕಿನದೇ ಇರಬಹುದು, ಅಂಥದ್ದು ಬಾಳಿಕೆ ಬರುವುದಿಲ್ಲ. ಕೀಯನ್ನು ಅಂಗಡಿಯಲ್ಲೇ ಹತ್ತಾರು ಸಲ ಹಾಕಿ ತೆಗೆದು ನೋಡಿ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಹಳೆಯ ಕೀ ನಡೆಯುತ್ತದೆಯೆ ಎಂಬುದು. ಹೊಸ ಹ್ಯಾಂಡಲಿಗೆ ಅದರದೇ ಕೀ ಬರುತ್ತದೆ, ಆದರೆ ಅದಕ್ಕೆ ಕಟ್ಟುಬೀಳಬೇಕಿಲ್ಲ. ಕಾರಿನ ಬ್ಯಾರೆಲಿನಲ್ಲಿ ಸಾಮಾನ್ಯವಾಗಿ ಹಿತ್ತಾಳೆಯ ತೆಳು ಬಿಲ್ಲೆಗಳು ಸಾಲಾಗಿರುತ್ತವೆ, ಪ್ರತಿ ಬಿಲ್ಲೆಯ ಹಿಂದೆ ಕೂದಲೆಳೆಯಂಥ ಸ್ಪ್ರಿಂಗ್. ಸರಿಯಾದ ಕೀ ಹಾಕಿದಾಗ ಅದರ ಹಲ್ಲುಗಳು ಎಲ್ಲ ಬಿಲ್ಲೆಗಳನ್ನೂ ಬ್ಯಾರೆಲಿನ ಮೈಮಟ್ಟಕ್ಕೆ ತರುತ್ತವೆ, ಆಗ ಬ್ಯಾರೆಲ್ ತಿರುಗುತ್ತದೆ. ಒಂದು ಬಿಲ್ಲೆ ಹೊರಗೆ ಚಾಚಿದ್ದರೂ ಅದು ಕವಚಕ್ಕೆ ಕಚ್ಚಿ ತಡೆಯುತ್ತದೆ. ಹಾಗಾಗಿ ಎರಡು ದಾರಿ ಇದೆ. ಹಳೆಯ ಬ್ಯಾರೆಲ್ ಹೊಸ ಹ್ಯಾಂಡಲಿಗೆ ಸರಿಯಾಗಿ ಕೂತರೆ ಬ್ಯಾರೆಲನ್ನೇ ಬದಲಿಸಿಬಿಡಿ. ಕೂರದಿದ್ದರೆ, ಹಳೆಯ ಕೀ ಹೊಸ ಬ್ಯಾರೆಲಿನ ಕೀ ತೂತಿನೊಳಗೆ ಹೋಗುತ್ತದೆಯೇ ನೋಡಿ. ಹೋದರೆ ಬಿಲ್ಲೆಗಳನ್ನು ಕಳಚಿ ಆ ಕೀಗೆ ಹೊಂದುವಂತೆ ಮರುಜೋಡಿಸಬಹುದು. ಬಿಳಿ ಬಟ್ಟೆ ಹಾಸಿಕೊಂಡು ಚಿಮಟದಲ್ಲಿ ಒಂದೊಂದೇ ತೆಗೆದು ಕ್ರಮವಾಗಿ ಇಡುವ ಕೆಲಸ ಇದು. ಸ್ಪ್ರಿಂಗ್ ಹಾರಿಹೋದರೆ ಅದನ್ನು ಹುಡುಕುವಷ್ಟರಲ್ಲಿ ಸಾಯಂಕಾಲವಾಗುತ್ತದೆ, ಹಾಗಾಗಿ ಒಳ್ಳೆಯ ಬೀಗ ರಿಪೇರಿಯವರಿಗೇ ಕೊಡಿ. ಆದರೆ ಮೊದಲೇ ಒಂದು ಮಾತು ಹೇಳಿ: ಬಿಲ್ಲೆಗಳನ್ನು ಸುಮ್ಮನೆ ಅರದಲ್ಲಿ ಉಜ್ಜಿ ಮಟ್ಟ ಮಾಡಿಕೊಡಬಾರದು. ಹಾಗೆ ಉಜ್ಜಿದ ಬೀಗಕ್ಕೆ ನಿಮ್ಮ ಕೀಯೂ ಆಗುತ್ತದೆ, ಪಕ್ಕದ ಮನೆಯ ಬೀರುವಿನ ಕೀಯೂ ಆಗುತ್ತದೆ. ಹೊಂದದ ಒಂದು ಬಿಲ್ಲೆಯನ್ನು ತೆಗೆದೇಬಿಡುವುದು ಅದಕ್ಕಿಂತ ಮೇಲು, ಉಳಿದವು ಕೆಲಸ ಮಾಡುತ್ತವೆ. ಅಂಗಡಿಯಲ್ಲಿದ್ದಾಗಲೇ ಸವೆಯದ ಒಂದು ಡೂಪ್ಲಿಕೇಟ್ ಕೀ ಮಾಡಿಸಿಕೊಳ್ಳಿ. ಹಳೆಯ ಕೀಯ ಮೇಲೆ ನಂಬರ್ ಇದ್ದರೆ ಬರೆದಿಡಿ.

ಇಷ್ಟೆಲ್ಲ ಮಾಡಿ ಹ್ಯಾಂಡಲ್ ಜೋಡಿಸಿ ಡಿಕ್ಕಿ ಮುಚ್ಚಿದರೆ ಆರು ತಿಂಗಳೋ ವರ್ಷವೋ ಬಿಟ್ಟು ಮತ್ತೆ ನನಗೆ ಇದೇ ಪತ್ರ ಬರೆಯುತ್ತೀರಿ. ಯಾಕೆಂದರೆ ನಿಮ್ಮ ಹ್ಯಾಂಡಲನ್ನು ಮುರಿದದ್ದು ಆ ಬೀಡಿಂಗ್. 'ಪೇಂಟ್ ಮಾಡಿಸಿದ ಮೇಲೆ ಜೋರಾಗಿ ಬಡಿಯಬೇಕಾಯಿತು' ಎಂದು ನೀವು ಬರೆದ ಒಂದು ಸಾಲಿನಲ್ಲೇ ಕಾರಣವೆಲ್ಲ ಇದೆ. ಪೇಂಟ್ ಕೆಲಸದವರು ಕೈಗೆ ಸಿಕ್ಕ ದಪ್ಪ ರಬ್ಬರ್ ಅಂಟಿಸಿ ಕಳಿಸುವುದು ಹೊಸದೇನಲ್ಲ. ದಪ್ಪ ರಬ್ಬರ್ ಮುಚ್ಚಳವನ್ನು ಸದಾ ಮೇಲಕ್ಕೆ ದೂಡುತ್ತದೆ. ಕೊಕ್ಕೆ ಕಂಬಿಗೆ ಒತ್ತಿಕೊಂಡೇ ಇರುತ್ತದೆ. ತೆರೆಯುವಾಗ ಆ ಒತ್ತಡವನ್ನು ಮೀರಿ ಕೊಕ್ಕೆ ಸರಿಯಬೇಕಾದ್ದರಿಂದ ಹ್ಯಾಂಡಲನ್ನು ದುಪ್ಪಟ್ಟು ಬಲ ಹಾಕಿ ತಿರುಗಿಸುತ್ತೀರಿ. ಆ ಬಲವೆಲ್ಲ ಬೀಳುವುದು ಮಜಾಕಿನ ಆ ಸಣ್ಣ ಚೌಕದ ಮೂಲೆಗಳ ಮೇಲೆ. ಅದರ ಜೊತೆಗೆ ತಿಪಟೂರಿನಲ್ಲಿ ಡಿಕ್ಕಿ ಖಾಲಿ ಇರುವುದು ಅಪರೂಪ. ಕೊಬ್ಬರಿ ಚೀಲವೋ ಕಾಯಿಯ ಚೀಲವೋ ಒಳಗೆ ತುರುಕಿ, ಮುಚ್ಚಳದ ಮೇಲೆ ಭಾರ ಹಾಕಿ ಕೂರಿಸಿದರೆ ಕೊಕ್ಕೆಯ ಮೇಲೆ ಇನ್ನಷ್ಟು ಒತ್ತಡ.

ಆದ್ದರಿಂದ ಹ್ಯಾಂಡಲಿಗಿಂತ ಮೊದಲು ಮುಚ್ಚಳ ಕೂರುವುದನ್ನು ಸರಿಮಾಡಿ. ಅಲ್ಲಿಯ ತನಕ ಹಿಂದಿನ ಸೀಟು ಬಿಚ್ಚಿಯೇ ಇರಲಿ, ಮುಚ್ಚಿದ ಡಿಕ್ಕಿಯನ್ನು ಮೊದಲಿನಂತೆ ಒಳಗಿನಿಂದಲೇ ತೆರೆಯಬೇಕಾಗುತ್ತದೆ. ಹಳೆಯ ಪೇಪರನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದುಕೊಳ್ಳಿ. ಪಟ್ಟಿಯನ್ನು ಬೀಡಿಂಗಿನ ಮೇಲಿಟ್ಟು ಡಿಕ್ಕಿ ಮುಚ್ಚಿ ಎಳೆಯಿರಿ. ಹೀಗೆ ಸುತ್ತಲೂ ಒಂದೊಂದು ಗೇಣಿಗೆ ಒಂದು ಸಲ ನೋಡುತ್ತ ಬನ್ನಿ. ಪಟ್ಟಿ ಸ್ವಲ್ಪ ತಡೆದು ಆಮೇಲೆ ಜಾರಿಕೊಂಡು ಬಂದರೆ ಅಲ್ಲಿ ಸರಿಯಾಗಿದೆ. ಎಳೆದಾಗ ಹರಿದುಹೋದರೆ ಅಲ್ಲಿ ಅತಿ ಬಿಗಿ. ಗಾಳಿಯಲ್ಲಿದ್ದಂತೆ ಬಂದರೆ ಅಲ್ಲಿಂದ ಮಳೆ ನೀರು ಒಳಗೆ ಬರುತ್ತಿದೆ ಎಂದು ಅರ್ಥ. ನಿಮ್ಮ ಗಾಡಿಯಲ್ಲಿ ಹಿಂಜ್ ಹತ್ತಿರ ಹರಿದು, ಕೆಳಗಿನ ಮೂಲೆಗಳಲ್ಲಿ ಸಡಿಲ ಇರಬಹುದು ಎಂದು ನನ್ನ ಊಹೆ, ದಪ್ಪ ಬೀಡಿಂಗ್ ಹಾಕಿದಾಗ ಹೆಚ್ಚಾಗಿ ಹಾಗೇ ಆಗುತ್ತದೆ. ಸುತ್ತಲೂ ಹರಿದರೆ ಬೀಡಿಂಗ್ ಕಿತ್ತು ತೆಳುವಾದ, ಒಳಗೆ ಟೊಳ್ಳಿರುವ ರಬ್ಬರ್ ಹಾಕಿಸಿ. ಅಂಟಿಸುವ ಮೊದಲು ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯಬೇಕು, ಅದೇ ಒಂದು ಪದರ ದಪ್ಪ ಇರುತ್ತದೆ. ರಬ್ಬರಿನ ಎರಡು ತುದಿ ಸೇರುವ ಜಾಗ ಕೆಳಗಡೆ ಮಧ್ಯಕ್ಕೆ ಬರಲಿ, ಮೇಲೆ ಬಂದರೆ ಸಂದಿನಿಂದ ನೀರು ಇಳಿಯುತ್ತದೆ.

ಆಮೇಲೆ ಕೊಕ್ಕೆ ಸಿಕ್ಕಿಕೊಳ್ಳುವ ಕಂಬಿ. ಅದರ ಬೋಲ್ಟು ಕೂರುವ ತೂತು ಉದ್ದುದ್ದ ಇದ್ದರೆ ಅಷ್ಟರಲ್ಲಿ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಬಹುದು. ಸಡಿಲ ಮಾಡುವ ಮೊದಲು ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಕೊಕ್ಕೆಗೆ ಒಂದಿಷ್ಟು ಗ್ರೀಸ್ ಸವರಿ ಮೆಲ್ಲಗೆ ಮುಚ್ಚಿ ತೆಗೆದರೆ, ಕಂಬಿಯ ಮೇಲೆ ಗ್ರೀಸ್ ಎಲ್ಲಿ ಅಂಟಿದೆಯೋ ಅಲ್ಲಿ ತಾಗುತ್ತಿದೆ. ನಡುವಿಗೆ ತಾಗುವ ತನಕ ಒಂದೊಂದು ಮಿಲಿಮೀಟರ್ ಸರಿಸಿ. ಎರಡು ಅಂಗೈ ಇಟ್ಟು ಒತ್ತಿದರೆ 'ಟಕ್' ಎಂದು ಕೂರಬೇಕು, ಬಡಿಯುವ ಅಗತ್ಯ ಬರಬಾರದು. ಹೊಸ ಹ್ಯಾಂಡಲ್ ಹಾಕುವುದು ಇದಾದ ಮೇಲೆ.

ಹಾಕುವಾಗ ಹ್ಯಾಂಡಲಿಗೂ ತಗಡಿಗೂ ನಡುವೆ ರಬ್ಬರ್ ಬೇಕೇ ಬೇಕು. ಹಳೆಯದು ಪುಡಿಯಾಗಿದ್ದರೆ ಸೈಕಲ್ ಟ್ಯೂಬಿನ ತುಂಡನ್ನು ಅದೇ ಆಕಾರಕ್ಕೆ ಕತ್ತರಿಸಿ ಹಾಕಿ, ಚೆನ್ನಾಗಿ ಕೂರುತ್ತದೆ. ಅದಿಲ್ಲದಿದ್ದರೆ ನೀರು ಕಡ್ಡಿಯ ಗುಂಟ ಇಳಿದು ಡಿಕ್ಕಿಯ ನೆಲ ತುಕ್ಕು ಹಿಡಿಯುತ್ತದೆ. ತೂತಿನ ಅಂಚಿನಲ್ಲಿ ಪೇಂಟ್ ಎದ್ದಿದ್ದರೆ ಮೊದಲು ಅಲ್ಲಿಗೆ ಪ್ರೈಮರ್ ಹಚ್ಚಿ.

ಕೀ ತೂತಿಗೆ ಎಣ್ಣೆ ಬಿಡಬೇಡಿ. ತಿಪಟೂರಿನವರಿಗೆ ಇದನ್ನು ಒತ್ತಿ ಹೇಳಬೇಕು, ಮನೆಯಲ್ಲಿ ಕೊಬ್ಬರಿ ಎಣ್ಣೆ ಕೈಗೆಟುಕುವ ಹಾಗೇ ಇರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಧನುರ್ಮಾಸದ ಬೆಳಗಿನ ಜಾವಕ್ಕೆ ಬಿಲ್ಲೆಗಳು ಅದರಲ್ಲಿ ಹೂತು ನಿಲ್ಲುತ್ತವೆ. ಬೇಸಿಗೆಯಲ್ಲಿ ಕರಗಿದಾಗ ದಾರಿಯ ಧೂಳನ್ನೆಲ್ಲ ಹಿಡಿದುಕೊಂಡು ಅಂಟಾಗುತ್ತದೆ. ಬ್ಯಾರೆಲಿಗೆ ಗ್ರಾಫೈಟ್ ಪುಡಿ ಸಾಕು. ಸಿಗದಿದ್ದರೆ ಮೆದು ಪೆನ್ಸಿಲನ್ನು ಕೀಯ ಎರಡೂ ಬದಿಗೆ ದಟ್ಟವಾಗಿ ಉಜ್ಜಿ ನಾಲ್ಕೈದು ಸಲ ಹಾಕಿ ತೆಗೆಯಿರಿ. ಗ್ರೀಸ್ ಹಚ್ಚುವುದು ಕೊಕ್ಕೆಗೆ, ಕಂಬಿಗೆ ಮಾತ್ರ.

ನೀವು ಕೇಳದಿದ್ದರೂ ಒಂದು ವಿಷಯ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದಿರುವ ಸ್ವಂತ ಬಳಕೆಯ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಮ್ಮ ಗಾಡಿ ಆ ವಯಸ್ಸಿಗೆ ಬಂದಿದೆ. ಹಾಗೆ ನೋಂದಾಯಿಸಿದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಆದ್ದರಿಂದ ಸಂತೆಗೂ ತೋಟಕ್ಕೂ ಇದೇ ಗಾಡಿ ಬೇಕಾದವರು ಯೋಚಿಸಿ ಮಾಡಬೇಕು. ಏನೇ ಮಾಡಿದರೂ ಮೂಲ ಹ್ಯಾಂಡಲ್, ಮೂಲ ಕೀ ಇರುವ ಗಾಡಿಗೆ ಇರುವ ಬೆಲೆ ಬೀಗ ನೇತುಹಾಕಿದ ಗಾಡಿಗೆ ಬರುವುದಿಲ್ಲ.

ಕೊನೆಯದಾಗಿ, ಸೀಟು ಬಿಚ್ಚಿರುವಾಗಲೇ ಒಂದು ಕೆಲಸ ಮುಗಿಸಿಕೊಳ್ಳಿ. ಸೈಕಲ್ ಬ್ರೇಕಿನ ಉದ್ದ ಕೇಬಲ್ಲನ್ನು ಅದರ ಹೊರಕವಚದ ಸಮೇತ ತಂದು, ಒಂದು ತುದಿಯನ್ನು ಕೊಕ್ಕೆ ಸರಿಸುವ ತೋಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಹಿಂದಿನ ಸೀಟಿನ ಕೆಳಗೆ ಹೊರಗಿನವರಿಗೆ ಕಾಣದ ಜಾಗಕ್ಕೆ ತನ್ನಿ. ಮುಚ್ಚಳ ಏಳುವಾಗ ಎಳೆತ ಬೀಳದಷ್ಟು ಸಡಿಲ ಬಿಡಿ. ಕವಚವನ್ನು ಎರಡು ಕಡೆ ಕ್ಲಿಪ್ ಹಾಕಿ ಬಿಗಿಯಿರಿ, ಇಲ್ಲದಿದ್ದರೆ ಎಳೆದಾಗ ಕೇಬಲಿನ ಬದಲು ಕವಚವೇ ಸರಿಯುತ್ತದೆ. ಡಿಕ್ಕಿ ತೆರೆದಿರುವಾಗಲೇ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಂದು, ಕೇಬಲ್ ಎಳೆದು, ಅದು ಪೂರ್ತಿ ಸರಿಯುವುದನ್ನು ಕಣ್ಣಾರೆ ನೋಡಿ. ಅದು ಖಾತ್ರಿಯಾದ ಮೇಲೆಯೇ ಸೀಟು ಮತ್ತೆ ಜೋಡಿಸಿ.